ದನದ ಡಾಕ್ಟರಿಗೆ ಬಂದ ದನದ ಜ್ವರ

ನನಗೆ ಬಂದದ್ದು ಕಂದು ರೋಗ. ಪುಸ್ತಕದಲ್ಲಿ ಬ್ರುಸೆಲ್ಲೋಸಿಸ್ ಅಂತ ಇರುತ್ತದೆ. ಹಸುವಿಗೆ ಬಂದರೆ ಏಳು ತಿಂಗಳ ಗಬ್ಬ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ, ಇದಕ್ಕೆ ಕಂದು ಹಾಕುವುದು ಅನ್ನುತ್ತಾರೆ. ಮನುಷ್ಯರಿಗೆ ಬಂದರೆ ವಾರಗಟ್ಟಲೆ ಜ್ವರ, ಬೆವರು, ಕೀಲುನೋವು. ಕುರಿ ಕಾಯುವವರಿಗೆ ಬರುತ್ತದೆ, ಹಸಿ ಹಾಲು ಕುಡಿಯುವವರಿಗೆ ಬರುತ್ತದೆ, ಮಾಂಸ ಕಡಿಯುವವರಿಗೆ ಬರುತ್ತದೆ. ದನದ ಡಾಕ್ಟರಿಗೆ ಬಂದರೆ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಆದರೂ ನನ್ನ ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಗೌರಿ ಹಬ್ಬ ಮುಗಿದು ದಸರಾ ಬಂದಿತ್ತು.

ನಾನಿರುವುದು ಅರಸೀಕೆರೆ ಕಡೆಯ ಒಂದು ಹೋಬಳಿಯಲ್ಲಿ. ತೆಂಗು, ರಾಗಿ, ಹಾಲು, ಇಷ್ಟರಲ್ಲೇ ಇಲ್ಲಿಯ ಬದುಕು. ಕೊಬ್ಬರಿ ರೇಟು ಬಿದ್ದ ವರ್ಷ ಮನೆ ನಡೆಸುವುದು ಡೈರಿ ದುಡ್ಡು. ಹಾಗಾಗಿ ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ಒಂದೆರಡು ಸೀಮೆಹಸು ಇರುತ್ತವೆ. ಪಕ್ಕದ ಹೋಬಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ, ಅದರ ಪ್ರಭಾರವೂ ನನಗೇ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ, ನಡುವೆ ಎಲ್ಲಿಂದ ಫೋನ್ ಬರುತ್ತದೋ ಅಲ್ಲಿ. ನನ್ನವರು ಹೈಸ್ಕೂಲು ಮೇಷ್ಟ್ರು. ಅವರ ಕೆಲಸಕ್ಕೆ ಬೆಲ್ ಇದೆ, ನನ್ನದಕ್ಕೆ ಇಲ್ಲ. ಮದುವೆಯಾದ ಹೊಸದರಲ್ಲಿ ಇದಕ್ಕೇ ಜಗಳ ಆಗುತ್ತಿತ್ತು. ಈಗ ರಾತ್ರಿ ಫೋನ್ ಬಂದರೆ ಅವರೇ ಎದ್ದು ಟಾರ್ಚ್ ಹುಡುಕಿಕೊಡುತ್ತಾರೆ.

ರೋಗ ಹೇಗೆ ಅಂಟಿತು ಅಂತ ತಿಳಿಯಬೇಕಾದರೆ ನಮ್ಮ ಕೆಲಸದ ಒಂದು ಭಾಗದ ಬಗ್ಗೆ ಹೇಳಲೇಬೇಕು. ಊಟ ಮಾಡುತ್ತಾ ಓದುತ್ತಿದ್ದರೆ ಆಮೇಲೆ ಓದಿ.

ಹಸು ಕರು ಹಾಕಿದ ಮೇಲೆ ಸಾಮಾನ್ಯವಾಗಿ ಎಂಟು ಹನ್ನೆರಡು ಗಂಟೆಯೊಳಗೆ ಕಸ, ಅಂದರೆ ಹೊಟ್ಟೆಯೊಳಗೆ ಕರುವನ್ನು ಸುತ್ತಿದ್ದ ಪೊರೆ, ಬೀಳಬೇಕು. ಕೆಲವರು ಸತ್ತೆ ಅನ್ನುತ್ತಾರೆ, ಕೆಲವರು ಮಾಸು ಅನ್ನುತ್ತಾರೆ. ಬೀಳದೆ ಹಿಂದೆ ನೇತಾಡುತ್ತಿದ್ದರೆ ಮನೆಯವರಿಗೆ ಸಮಾಧಾನ ಇರುವುದಿಲ್ಲ. "ಮೇಡಂ, ಕೈ ಹಾಕಿ ತೆಗ್ದುಬುಡಿ" ಅಂತ ಫೋನ್ ಬರುತ್ತದೆ. ಎಳೆಯಬಾರದು, ಔಷಧಿ ಕೊಟ್ಟು ಕಾಯಬೇಕು, ತಾನಾಗಿಯೇ ಕಳಚುತ್ತದೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ. ಅದು ಸರಿಯೂ ಹೌದು. ಆದರೆ ಎರಡು ದಿನ ಕಳೆದು, ಕೊಟ್ಟಿಗೆ ತುಂಬ ವಾಸನೆ ಹಬ್ಬಿ, ಹಸು ಮೇವು ಬಿಟ್ಟು, ಹಾಲು ಅರ್ಧಕ್ಕಿಳಿದಾಗ, ಗರ್ಭಕೋಶದೊಳಗೆ ಬೊಲಸ್ ಅನ್ನುವ ದೊಡ್ಡ ಮಾತ್ರೆ ಇಟ್ಟು ಬರುತ್ತೇನೆ ಅಂದರೆ ಯಾರೂ ಒಪ್ಪುವುದಿಲ್ಲ. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿ ಒಳಗೆ ಕೈ ಹಾಕಬೇಕು. ಕಸ ಗರ್ಭಕೋಶಕ್ಕೆ ಅಲ್ಲಲ್ಲಿ ಹಿಡಿದುಕೊಂಡಿರುತ್ತದೆ. ಅಂಗಿಯ ಗುಂಡಿ ಬಿಚ್ಚಿದ ಹಾಗೆ ಒಂದೊಂದನ್ನೇ ಬೆರಳಲ್ಲಿ ಬಿಡಿಸಬೇಕು. ಬಿಡಿಸಿಕೊಂಡದ್ದನ್ನು ಮಾತ್ರ ತೆಗೆಯಬೇಕು, ಬಿಡದೇ ಇದ್ದದ್ದನ್ನು ಹಾಗೇ ಬಿಡಬೇಕು. ಒತ್ತಾಯ ಮಾಡಿದರೆ ರಕ್ತ ಹೋಗುತ್ತದೆ.

ಆ ಗ್ಲೌಸ್ ತೆಳ್ಳಗಿರುತ್ತದೆ. ದಪ್ಪ ಹಾಕಿಕೊಂಡರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಹಸು ಮುಕ್ಕಿದಾಗ ಅದು ಜಾರಿ ಮೊಣಕೈಗೆ ಬರುತ್ತದೆ, ಇಲ್ಲವೇ ಬೆರಳ ತುದಿಯಲ್ಲಿ ಹರಿಯುತ್ತದೆ. ನೀರು ಒಳಗಿಳಿಯುತ್ತದೆ. ಹಸು ಬಾಲ ಬೀಸಿದರೆ ಮುಖಕ್ಕೆ ಎರಚುತ್ತದೆ. ಈ ಕೆಲಸ ಮಾಡಿದ ಯಾವ ಡಾಕ್ಟರಿಗೂ ಇದು ಹೊಸದಲ್ಲ. ಆಮೇಲೆ ಸೋಪು, ಡೆಟಾಲ್, ನಿಂಬೆಹಣ್ಣು, ಹುಣಸೆಹಣ್ಣು, ಎಲ್ಲ ಹಾಕಿ ತಿಕ್ಕಿದರೂ ಎರಡು ದಿನ ವಾಸನೆ ಹೋಗುವುದಿಲ್ಲ. ಅವತ್ತು ರಾತ್ರಿ ಮುದ್ದೆಯನ್ನೂ ಚಮಚದಲ್ಲಿ ತಿನ್ನುತ್ತೇನೆ. ಮಗಳಿಗೆ ಅದನ್ನು ನೋಡುವುದೇ ಮಜಾ.

ಕಂದು ರೋಗದ ಹಸು ಕಂದು ಹಾಕಿದಾಗ ಆ ಕಸದಲ್ಲಿ, ಸತ್ತ ಕರುವಿನಲ್ಲಿ, ಅದರ ಜೊತೆ ಬರುವ ನೀರಿನಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ಚರ್ಮದಲ್ಲಿ ಸಣ್ಣ ಗೀರು ಇದ್ದರೂ ಸಾಕು. ಕಣ್ಣಿಗೆ ಒಂದು ಹನಿ ಬಿದ್ದರೂ ಸಾಕು. ಉಸಿರಿನಲ್ಲೂ ಹೋಗಬಹುದು.

ನನಗೆ ಜ್ವರ ಸಂಜೆ ಬರುತ್ತಿತ್ತು. ಬೆಳಿಗ್ಗೆ ಎದ್ದರೆ ಏನೂ ಇಲ್ಲ, ಸ್ವಲ್ಪ ಸುಸ್ತು ಅಷ್ಟೆ. ಸ್ಕೂಟರ್ ಹತ್ತಿ ಡ್ಯೂಟಿಗೆ ಹೋಗುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಸೊಂಟದಲ್ಲಿ ನೋವು ಶುರುವಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಚಳಿ. ರಾತ್ರಿ ಎರಡು ಗಂಟೆಗೆ ಬೆವರು ಬಂದು ಮೈಯೆಲ್ಲ ಒದ್ದೆ, ದಿಂಬು ಒದ್ದೆ, ನೈಟಿ ಬದಲಾಯಿಸಿ ಮಲಗುವುದು. ಹೀಗೆ ಕೆಲವು ದಿನ ಬಂದು, ಪೂರ್ತಿ ನಿಂತು, ಹೋಯಿತಪ್ಪ ಅಂದುಕೊಂಡಾಗ ಮತ್ತೆ ಶುರು. ಅಲೆ ಅಲೆಯಾಗಿ ಬರುವ ಜ್ವರ ಅಂತ ಹಳೆಯ ಪುಸ್ತಕಗಳಲ್ಲಿ ಬರೆದಿರುವುದು ಸುಮ್ನೆ ಅಲ್ಲ.

ಮೊದಲು ಹೋದ ಕಡೆ ಟೈಫಾಯ್ಡ್ ಪತ್ತೆಗೆ ವೈಡಾಲ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು. ಸ್ವಲ್ಪ ಪಾಸಿಟಿವ್ ಅಂದರು. ನಮ್ಮ ಕಡೆ ಯಾರಿಗೆ ಜ್ವರ ಬಂದು ವೈಡಾಲ್ ಮಾಡಿಸಿದರೂ ಸ್ವಲ್ಪ ಪಾಸಿಟಿವ್ ಬರುತ್ತದೇನೋ ಅನ್ನಿಸುತ್ತದೆ. ಟೈಫಾಯ್ಡ್ ಅಂತ ಇಂಜೆಕ್ಷನ್ ಕೊಟ್ಟರು. ಕಮ್ಮಿಯಾಯಿತು, ಮತ್ತೆ ಬಂತು. ಇನ್ನೊಂದು ಕಡೆ ಡೆಂಗ್ಯೂ, ಮಲೇರಿಯಾ, ಎದೆಯ ಎಕ್ಸ್‌ರೇ ಎಲ್ಲ ಆಯಿತು. ಸೊಂಟದ ನೋವಿಗೆ ಬೇರೆ ಡಾಕ್ಟರು. ಸ್ಕೂಟರ್ ಓಡಿಸುವುದರಿಂದ ಹೀಗೆ ಅಂತ ಅವರು ಬೆಲ್ಟ್ ಕೊಟ್ಟರು.

ನಾನು ಪಶು ವೈದ್ಯೆ ಅಂತ ಎಲ್ಲ ಕಡೆಯೂ ಹೇಳಿದ್ದೆ. ಬ್ರುಸೆಲ್ಲಾ ಇರಬಹುದಾ ಅಂತಲೂ ಒಬ್ಬರನ್ನು ಕೇಳಿದೆ. ಅವರು "ಓ, ನೀವು ವೆಟ್ಟಾ?" ಅಂದು ಖುಷಿಯಾದರು. ಅವರ ಮನೆಯ ಲ್ಯಾಬ್ರಡಾರ್ ನಾಯಿಗೆ ಕೂದಲು ಉದುರುತ್ತಿತ್ತಂತೆ. ಫೋಟೋ ತೋರಿಸಿದರು. ಚಳಿಯಲ್ಲಿ ಶಾಲು ಹೊದ್ದು ಕೂತು ನಾನು ಅವರ ನಾಯಿಗೆ ಶಾಂಪೂ ಬರೆದುಕೊಟ್ಟು ಬಂದೆ. ಬ್ರುಸೆಲ್ಲಾ ವಿಷಯ ಅಲ್ಲಿಗೇ ನಿಂತಿತು. ಅದೆಲ್ಲ ಈಗೆಲ್ಲಿ ಬರುತ್ತೆ ಅಂದುಬಿಟ್ಟರು.

ಇದನ್ನು ದೂರಾಗಿ ಹೇಳುತ್ತಿಲ್ಲ. ಅವರ ಮುಂದೆ ದಿನಕ್ಕೆ ಅಷ್ಟು ಜನ ಜ್ವರದವರು ಕೂತಿರುತ್ತಾರೆ. ಆದರೆ ನೀನೇನು ಕೆಲಸ ಮಾಡುತ್ತೀಯ, ಮನೆಯಲ್ಲಿ ದನ ಕುರಿ ಇವೆಯಾ ಅಂತ ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ನಾವು ಹಸು ನೋಡುವಾಗ ಏನೇನು ಕೇಳುತ್ತೇವೆ! ಏನು ಮೇವು ಹಾಕಿದಿರಿ, ಎಲ್ಲಿ ಮೇಯಿತು, ಯಾವಾಗ ತಂದಿರಿ, ಯಾವ ಸಂತೆಯಿಂದ ತಂದಿರಿ, ಪಕ್ಕದ ಮನೆಯ ಹಸು ಹೇಗಿದೆ. ಹಸು ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ಕೇಳುತ್ತೇವೆ. ಇಲ್ಲಿ ರೋಗಿಯೇ ಬಾಯಿ ಬಿಟ್ಟು ಹೇಳಿದರೂ ಕೆಲಸ ಆಗಲಿಲ್ಲ.

ಹೆಬ್ಬಾಳದ ಕಾಲೇಜಿನಲ್ಲಿ ಓದುವಾಗ ಇದರ ಚರಿತ್ರೆಯನ್ನು ಪರೀಕ್ಷೆಗೆ ಉರು ಹೊಡೆದಿದ್ದೆ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ಇದೇ ಥರದ ಜ್ವರದಿಂದ ಸಾಯುತ್ತಿದ್ದರು. ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ 1887ರಲ್ಲಿ ಸತ್ತವರ ಗುಲ್ಮದಿಂದ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಅದು ಬರುವುದು ಎಲ್ಲಿಂದ ಅಂತ ಗೊತ್ತಾಗಿದ್ದು 1905ರಲ್ಲಿ. ಥೆಮಿಸ್ಟೊಕ್ಲಿಸ್ ಜಮ್ಮಿಟ್ ಅನ್ನುವ ಅಲ್ಲಿಯದೇ ವೈದ್ಯ ಮೇಕೆಗಳ ರಕ್ತ ಪರೀಕ್ಷೆ ಮಾಡಿದ. ಸೈನಿಕರು ಕುಡಿಯುತ್ತಿದ್ದ ಹಾಲು ಆ ಮೇಕೆಗಳದು. ಹಾಲು ನಿಲ್ಲಿಸಿದರು, ಜ್ವರ ಇಳಿಯಿತು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಕಂದು ಹಾಕುವ ಹಸುಗಳಲ್ಲಿ ಇದರ ಹತ್ತಿರದ ಜಾತಿಯದನ್ನು ಕಂಡಿದ್ದ. ಜ್ವರ ಬಂದವನು ಏನು ಕುಡಿದ ಅಂತ ಕೇಳುವುದಕ್ಕೆ ಅವರಿಗೂ ಹದಿನೆಂಟು ವರ್ಷ ಬೇಕಾಯಿತು ನೋಡಿ. ನನ್ನದು ಕೆಲವೇ ವಾರ.

ಕೊನೆಗೆ ದಾರಿ ತೋರಿಸಿದ್ದು ಕಾಲೇಜಿನ ಗೆಳತಿ. ಅವಳು ಪಶು ರೋಗ ಪತ್ತೆ ಲ್ಯಾಬೊಂದರಲ್ಲಿದ್ದಾಳೆ. ಫೋನಿನಲ್ಲಿ ನನ್ನ ದನಿ ಕೇಳಿಯೇ "ಏನೇ, ಕಂದು ಹಾಕಿದ ಹಸು ಯಾವುದಾದ್ರೂ ಮುಟ್ಟಿದ್ಯಾ?" ಅಂದಳು. ಮುಟ್ಟದೇ ಇರುವುದು ಯಾವಾಗ ಹೇಳು ಅಂದೆ. ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿನೀರು, ತಗೊಂಡು ಬಾ ಅಂದಳು.

ಈ ರೋಗ ಪತ್ತೆಗೆ ಮಾಡುವ ರೋಸ್ ಬೆಂಗಾಲ್ ಪರೀಕ್ಷೆ ಬಹಳ ಸರಳ. ಬಿಳಿ ಪ್ಲೇಟಿನ ಮೇಲೆ ಒಂದು ಹನಿ ಸೀರಂ, ಪಕ್ಕದಲ್ಲಿ ಒಂದು ಹನಿ ಆಂಟಿಜೆನ್ ಅನ್ನುವ ಗುಲಾಬಿ ಬಣ್ಣದ ದ್ರವ. ಎರಡನ್ನೂ ಕಡ್ಡಿಯಲ್ಲಿ ಬೆರೆಸಿ, ಪ್ಲೇಟನ್ನು ಮೆಲ್ಲಗೆ ಆಡಿಸುತ್ತಾ ನಾಲ್ಕು ನಿಮಿಷ ನೋಡಬೇಕು. ರೋಗ ಇಲ್ಲದಿದ್ದರೆ ಹಾಗೇ ನಯವಾಗಿ ಉಳಿಯುತ್ತದೆ. ಇದ್ದರೆ ಗುಲಾಬಿ ಬಣ್ಣ ಒಡೆದು ಕಾಳು ಕಾಳಾಗುತ್ತದೆ. ಹಸುಗಳ ಸೀರಂನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅವತ್ತು ಪ್ಲೇಟಿನ ಮೇಲೆ ನನ್ನದೇ ಹನಿ. ನಾಲ್ಕು ನಿಮಿಷ ಕಾಯಬೇಕಾಗಲೇ ಇಲ್ಲ. ಆಡಿಸುತ್ತಿದ್ದ ಹಾಗೇ ಕಾಳು ಕಟ್ಟಿತು. ಗೆಳತಿ ಏನೂ ಮಾತಾಡದೆ ಇನ್ನೊಂದು ಹನಿ ಹಾಕಿ ಮತ್ತೆ ಮಾಡಿದಳು. ಮತ್ತೆ ಅದೇ. ಸತ್ಯ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಕ್ಯಾನ್ಸರ್ ಇರಬಹುದು ಅನ್ನುವವರೆಗೆ ರಾತ್ರಿಗಳಲ್ಲಿ ಮನಸ್ಸು ಹೋಗಿತ್ತು.

ಅದು ಹಸುಗಳಿಗೆ ಮಾಡುವ ಪರೀಕ್ಷೆ, ಅದನ್ನೇ ನಂಬಿ ಮಾತ್ರೆ ನುಂಗುವ ಹಾಗಿಲ್ಲ. ಬೆಂಗಳೂರಿನಲ್ಲಿ ಸೋಂಕು ರೋಗಗಳನ್ನು ನೋಡುವ ಒಬ್ಬ ಡಾಕ್ಟರ ಹತ್ತಿರ ಹೋದೆವು. ನಾನು ಕುರ್ಚಿಯಲ್ಲಿ ಕೂತ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ಏನು ಕೆಲಸ ಮಾಡ್ತೀರಿ ಅಂತ. ಉತ್ತರ ಕೇಳಿ ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿದರು. ಟ್ಯೂಬಿನಲ್ಲಿ ಮಾಡುವ ಅಗ್ಲುಟಿನೇಷನ್ ಪರೀಕ್ಷೆ ಬರೆದರು, ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರೂ ಬರೆದರು. ಕಲ್ಚರ್ ಚೀಟಿಯ ಮೇಲೆ ಬ್ರುಸೆಲ್ಲಾ ಅನುಮಾನ ಅಂತ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದರು. ಯಾಕೆಂದರೆ ಇದು ಲ್ಯಾಬಿನವರಿಗೂ ಸುಲಭವಾಗಿ ಅಂಟುವ ರೋಗ. ಹೇಳದೆ ಕಳಿಸಿದರೆ ಪಾಪ ಅಲ್ಲಿಯ ಹುಡುಗಿಯರಿಗೆ ಬರುತ್ತದೆ. ಅಗ್ಲುಟಿನೇಷನ್‌ನಲ್ಲಿ ಸೀರಂ ತೆಳು ಮಾಡುತ್ತಾ ಹೋಗಿ ಎಲ್ಲಿಯವರೆಗೆ ಕಾಳು ಕಟ್ಟುತ್ತದೆ ಅಂತ ನೋಡುತ್ತಾರೆ, ಸಾಮಾನ್ಯವಾಗಿ 1:160 ದಾಟಿದರೆ ರೋಗ ಅನ್ನುತ್ತಾರೆ. ನನ್ನದು ಅದನ್ನು ಯಾವಾಗಲೋ ದಾಟಿ ಮೇಲೆ ಕೂತಿತ್ತು.

ಔಷಧಿ ಎರಡು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಬೆಳಿಗ್ಗೆ ಸಂಜೆ. ರಿಫಾಂಪಿಸಿನ್ 600 ಮಿಲಿಗ್ರಾಂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಆರು ವಾರ. ಒಂದು ದಿನವೂ ತಪ್ಪಿಸುವಂತಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ, ಅದಕ್ಕೇ ಒಂದೇ ಔಷಧಿ ಸಾಲದು, ಒಂದು ವಾರವೂ ಸಾಲದು. ನಡುವೆ ಬಿಟ್ಟರೆ ಮತ್ತೆ ಏಳುತ್ತದೆ. ಬೆನ್ನುಮೂಳೆಗೆ ಇಳಿದಿದ್ದರೆ ಇನ್ನೂ ಜಾಸ್ತಿ ದಿನ ತಗೋಬೇಕು. ಸೊಂಟದ ಸ್ಕ್ಯಾನ್ ಆಗುವವರೆಗೆ ನನ್ನವರ ಮುಖ ನೋಡಲಾಗುತ್ತಿರಲಿಲ್ಲ. ಸದ್ಯ ಮೂಳೆಗೆ ಏನೂ ಆಗಿರಲಿಲ್ಲ.

ಡಾಕ್ಸಿಸೈಕ್ಲಿನ್ ನನಗೆ ಚೆನ್ನಾಗಿ ಗೊತ್ತಿರುವ ಮಾತ್ರೆ. ನಾಯಿಗಳಿಗೆ ಉಣ್ಣೆ ಹುಳದಿಂದ ಬರುವ ಜ್ವರಕ್ಕೆ ನಾನೇ ಬರೆದುಕೊಡುತ್ತೇನೆ. ಮಗಳು ಆ ಹೆಸರನ್ನು ನಮ್ಮ ಬೀದಿಯ ಟಾಮಿಯ ಚೀಟಿಯಲ್ಲಿ ನೋಡಿದ್ದಳು. "ಅಮ್ಮಂಗೂ ಟಾಮಿ ಮಾತ್ರೆ" ಅಂತ ಶಾಲೆಯಲ್ಲಿ ಹೇಳಿಕೊಂಡು ಬಂದಳು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಅನ್ನನಾಳ ಸುಟ್ಟ ಹಾಗಾಗುತ್ತದೆ. ಬಿಸಿಲಿಗೆ ಹೋಗಬಾರದು. ಹಾಲಿನ ಜೊತೆ ತಗೋಬಾರದು. ಇದನ್ನು ಕೇಳಿ ಅತ್ತೆಗೆ ಬೇಜಾರಾಯಿತು. ಕಾಯಿಲೆ ಬಿದ್ದವರಿಗೆ ಹಾಲು ಕೊಡಬಾರದು ಅನ್ನುವ ಡಾಕ್ಟರನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ರಿಫಾಂಪಿಸಿನ್‌ದು ಬೇರೆಯೇ ಕಥೆ. ಅದು ಹೋದಲ್ಲೆಲ್ಲ ಕೇಸರಿ ಬಣ್ಣ. ಉಚ್ಚೆ ಕೇಸರಿ, ಬೆವರು ಕೇಸರಿ, ಕಣ್ಣೀರೂ ಕೇಸರಿ. ಬಿಳಿ ದಿಂಬಿನ ಹೊದಿಕೆ ಹಾಳಾಯಿತು. ಅದು ಮುಖ್ಯವಾಗಿ ಟಿಬಿಗೆ ಕೊಡುವ ಔಷಧಿ. ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ನೋಡಿ ದನಿ ತಗ್ಗಿಸಿ "ಟಿಬಿನಾ ಮೇಡಂ?" ಅಂದ. ಅಲ್ಲಪ್ಪ ಅಂದೆ. ಅಷ್ಟಕ್ಕೆ ಮುಗಿಯುತ್ತದೆಯೇ? ವಾರದೊಳಗೆ ನನಗೆ ಟಿಬಿ ಅಂತ ಎರಡು ಊರಿಗೆ ಸುದ್ದಿ ಹೋಯಿತು. ಹಾಲು ಹಾಕುವ ಹೆಂಗಸು ಪಾತ್ರೆಗೆ ಮುಟ್ಟದಂತೆ ಮೇಲಿಂದ ಸುರಿಯತೊಡಗಿದಳು. ದನದಿಂದ ಬಂದದ್ದು, ಮನುಷ್ಯರಿಂದ ಮನುಷ್ಯರಿಗೆ ಹೀಗೆಲ್ಲ ಹರಡುವುದಿಲ್ಲ ಅಂತ ಅತ್ತೆ ಹೇಳಿದರು. ಅದಕ್ಕೆ ಅವಳು ಇನ್ನೂ ಹೆದರಿದಳು. ಅವಳ ಮನೆಯಲ್ಲಿ ಮೂರು ಹಸು ಇದ್ದವು.

ಮೊದಲ ವಾರ ಔಷಧಿಯ ವಾಕರಿಕೆಯೇ ಜಾಸ್ತಿ. ಎರಡನೆಯ ವಾರ ಜ್ವರ ಇಳಿಯಿತು. ರಾತ್ರಿ ಒದ್ದೆಯಾಗದೆ ಎದ್ದ ಬೆಳಿಗ್ಗೆ ನನ್ನವರನ್ನು ಎಬ್ಬಿಸಿ ದಿಂಬು ತೋರಿಸಿದೆ. ಆದರೆ ಮನಸ್ಸು ಮಾತ್ರ ಇಳಿದುಹೋಗಿತ್ತು. ಈ ರೋಗದಲ್ಲಿ ಹಾಗಾಗುವುದುಂಟು ಅಂತ ಡಾಕ್ಟರು ಮೊದಲೇ ಹೇಳಿದ್ದರು, ಆದರೂ ಅನುಭವಿಸುವಾಗ ಅದೆಲ್ಲ ನೆನಪಿಗೆ ಬರುವುದಿಲ್ಲ. ಫೋನ್ ಬಂದರೆ ಎತ್ತಲು ಬೇಸರ. ಮಗಳು ಪಾಠ ಕೇಳಿದರೆ ಬೇಸರ. ಎರಡನೇ ಮಗುವಿನ ಯೋಚನೆಯಲ್ಲಿದ್ದೆವು, ಅದನ್ನು ಮುಂದೆ ಹಾಕಿದೆವು. ಬಸುರಿಯಲ್ಲಿ ಈ ರೋಗ ಬಂದರೆ ಗರ್ಭ ಹೋಗುವ ಅಪಾಯ ಇದೆ. ಹಸುಗಳಿಗೆ ಆಗುವುದೇ ನಮಗೂ. ಈ ಮಾತನ್ನು ನಾನು ಮನೆಯಲ್ಲಿ ಜೋರಾಗಿ ಹೇಳಲಿಲ್ಲ. ಅತ್ತೆಗೆ ತಾನಾಗಿಯೇ ಅರ್ಥವಾಗಿತ್ತು. ಅವರೂ ದನ ಸಾಕಿದ ಮನೆಯವರೇ.

ಮನೆಯವರೆಲ್ಲರ ರಕ್ತ ಪರೀಕ್ಷೆಯೂ ಆಯಿತು. ಯಾರಿಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಹಾಲು ಕಾಯಿಸದೆ ಯಾರೂ ಕುಡಿಯುವುದಿಲ್ಲ.

ನಾನು ರಜೆ ಹಾಕಿದಾಗ ನನ್ನ ಎರಡು ಹೋಬಳಿಯೂ ಹತ್ತಿರದ ಇನ್ನೊಬ್ಬರ ಪ್ರಭಾರಕ್ಕೆ ಹೋದವು. ಅವರಿಗೆ ಆಗಲೇ ಎರಡಿತ್ತು. ನನಗಿಂತ ಹಿರಿಯರು, ಮೂರು ವರ್ಷದಲ್ಲಿ ನಿವೃತ್ತಿ. ಒಂದು ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ, "ನಂಗೂ ಬಂದಿತ್ತು ಕಣಮ್ಮ, ಕೆಲಸಕ್ಕೆ ಸೇರಿದ ಹೊಸದ್ರಲ್ಲಿ. ಆಗ ಯಾರಿಗೂ ಹೇಳ್ತಾ ಇರ್ಲಿಲ್ಲ" ಅಂದರು. ವೃಷಣ ಊದಿಕೊಂಡಿತ್ತಂತೆ. ಗಂಡಸರಲ್ಲಿ ಹಾಗಾಗುತ್ತದೆ, ಹೋರಿಗಳಲ್ಲೂ ಆಗುತ್ತದೆ. ಹೆಂಡತಿಗೆ ಮಾತ್ರ ಹೇಳಿ, ಊರಿಗೆ ಗೊತ್ತಾಗದಂತೆ ಮೈಸೂರಿಗೆ ಹೋಗಿ ಔಷಧಿ ತಗೊಂಡರಂತೆ. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಅವರ ಬಾಯಿಂದ ಈ ಮಾತು ಬಂದಿರಲಿಲ್ಲ. ಅವರು ಹೋದ ಮೇಲೆ ಬ್ಯಾಚಿನವರ ಗುಂಪಿಗೆ ನನ್ನ ವಿಷಯ ಬರೆದೆ. ನನಗೂ ಆಗಿತ್ತು, ನನಗೂ ಆಗಿತ್ತು ಅಂತ ಒಬ್ಬೊಬ್ಬರೇ ಬಂದರು. ಒಬ್ಬನಿಗೆ ಲಸಿಕೆ ಹಾಕುವಾಗ ಕರು ಒದ್ದು ಸೂಜಿ ತನ್ನ ಕೈಗೇ ಚುಚ್ಚಿತ್ತಂತೆ. ಕರುಗಳಿಗೆ ಹಾಕುವ ಎಸ್19 ಲಸಿಕೆ ಜೀವಂತ ಬ್ಯಾಕ್ಟೀರಿಯಾದ್ದು. ಕರುವಿಗೆ ರಕ್ಷಣೆ, ನಮಗೆ ರೋಗ.

ಈಗ ಯಾವ ಹಸುವಿನಿಂದ ಬಂತು ಅನ್ನುವ ವಿಷಯ. ಖಡಾಖಂಡಿತವಾಗಿ ಹೇಳಲಾಗುವುದಿಲ್ಲ. ಸೋಂಕು ತಗುಲಿ ಜ್ವರ ಬರಲು ಒಂದು ವಾರವೂ ಆಗಬಹುದು, ತಿಂಗಳುಗಳೂ ಆಗಬಹುದು. ಆದರೆ ಆ ಮಳೆಗಾಲದಲ್ಲಿ ಏಳು ತಿಂಗಳಿಗೆ ಕಂದು ಹಾಕಿ, ಕಸ ಬೀಳದೆ, ನಾನು ಹೋಗಿ ತೆಗೆದ ಒಂದು ಎಚ್‌ಎಫ್ ತಳಿಯ ಸೀಮೆಹಸು ಇತ್ತು. ಅದರ ಸೀರಂ ಅವತ್ತೇ ಕಳಿಸಿದ್ದೆ. ಪಾಸಿಟಿವ್ ಅಂತ ಬಂತು. ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನೇ ಆ ಮನೆಗೆ ಹೋದೆ.

ಮನೆಯ ಯಜಮಾನನಿಗೆ ಸುದ್ದಿ ಮೊದಲೇ ತಲುಪಿತ್ತು. ಕಾಫಿ ಕೊಟ್ಟರು. ಕೂತ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಡೈರಿಗೆ ಹೇಳ್ಬ್ಯಾಡಿ ಮೇಡಂ." ಒಕ್ಕೂಟದಲ್ಲಿ ಹಾಲನ್ನು ಪಾಶ್ಚರೀಕರಿಸುತ್ತಾರೆ, ಆ ಶಾಖಕ್ಕೆ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಮನೆಯಲ್ಲೂ ಉಕ್ಕಿಸಿ ಕುಡಿದರೆ ಭಯವಿಲ್ಲ ಅಂತ ಹೇಳಿದೆ. ಹಾಲು ಹಿಂಡುವವರು, ಸಗಣಿ ಬಾಚುವವರು ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಹಿಂಡುವುದು ಅವನ ಹೆಂಡತಿ. ಆಕೆ ಬಾಗಿಲ ಪಕ್ಕ ನಿಂತು ಕೇಳುತ್ತಿದ್ದಳು. ಜ್ವರ ಬರುತ್ತಾ ಅಂದೆ. "ಮೈ ಕೈ ನೋವು ಯಾರ್ಗಿಲ್ಲ ಮೇಡಂ" ಅಂದಳು.

ಆ ಹಸುವನ್ನು ಏನು ಮಾಡಬೇಕು? ಪುಸ್ತಕದ ಉತ್ತರ ಸುಲಭ. ಕೆಲವು ದೇಶಗಳಲ್ಲಿ ಪರೀಕ್ಷೆ ಮಾಡಿ, ರೋಗ ಇದ್ದದ್ದನ್ನು ಕೊಂದು, ರೈತನಿಗೆ ಪರಿಹಾರ ಕೊಟ್ಟು, ಹಾಗೇ ಈ ರೋಗವನ್ನು ಕಳೆದುಕೊಂಡಿದ್ದಾರೆ. ನಮ್ಮಲ್ಲಿ ಅದು ಆಗುವುದಿಲ್ಲ. ಹಸುವಿಗೆ ಚಿಕಿತ್ಸೆ ಕೊಡುವ ಪದ್ಧತಿಯೂ ಇಲ್ಲ, ಕೊಟ್ಟರೂ ಪೂರ್ತಿ ಹೋಗುತ್ತದೆ ಅಂತ ಭರವಸೆ ಇಲ್ಲ. ಬೇರೆ ಕಟ್ಟಿ, ಕರು ಹಾಕುವಾಗ ಎಚ್ಚರ ಇರಲಿ, ಕಸವನ್ನು ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿ ಎಳೆಯದಂತೆ ನೋಡಿಕೊಳ್ಳಿ. ಹೇಳುವುದು ಇಷ್ಟೇ. ಎರಡು ಹಸುವಿನ ಕೊಟ್ಟಿಗೆಯಲ್ಲಿ ಬೇರೆ ಎಲ್ಲಿ ಕಟ್ಟುತ್ತಾನೆ? ಮನೆಯ ಗೋಡೆ ಒಂದು ಕಡೆ, ರಾಗಿ ಹುಲ್ಲಿನ ಮೆದೆ ಇನ್ನೊಂದು ಕಡೆ.

ಮುಂದಿನ ಸಲ ಹೋದಾಗ ಹಸು ಇರಲಿಲ್ಲ. "ಮಾರ್ಬುಟ್ಟೆ ಮೇಡಂ. ಇನ್ನೇನ್ ಮಾಡ್ಲಿ?" ಅಂದ. ಸಂತೆಯಲ್ಲಿ ಒಳ್ಳೆಯ ರೇಟು ಬಂತಂತೆ. ಈ ರೋಗದ ಕೆಟ್ಟ ಗುಣ ಅದೇ. ಬಹಳಷ್ಟು ಹಸುಗಳು ಒಂದು ಸಲ ಮಾತ್ರ ಕಂದು ಹಾಕುತ್ತವೆ. ಮುಂದಿನ ಸಲ ಸರಿಯಾಗಿ ಕರು ಹಾಕುತ್ತವೆ, ಚೆನ್ನಾಗಿ ಹಾಲು ಕೊಡುತ್ತವೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಲಿನಲ್ಲಿ, ಕಸದಲ್ಲಿ ಬ್ಯಾಕ್ಟೀರಿಯಾ ಬರುತ್ತಲೇ ಇರುತ್ತದೆ. ಅದರ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆ, ಅದನ್ನು ಹಾಕಿದ್ದೇ ನಾವು. ಆ ನಂಬರನ್ನು ಆಪ್‌ನಲ್ಲಿ ಹೊಡೆದು ನೋಡುವ ಅಭ್ಯಾಸ ಸಂತೆಯಲ್ಲಿ ಯಾರಿಗೂ ಇಲ್ಲ. ಕೊಂಡವನು ಹಲ್ಲು ನೋಡಿರುತ್ತಾನೆ, ಕೆಚ್ಚಲು ನೋಡಿರುತ್ತಾನೆ, ಸುಳಿ ನೋಡಿರುತ್ತಾನೆ.

ನನಗೆ ಸಿಟ್ಟು ಬಂತು. ಆದರೆ ಅವನಿಗೆ ಬೈಯಲು ಬಾಯಿ ಬರಲಿಲ್ಲ. ನನಗೆ ಸಂಬಳ ಸಹಿತ ರಜೆ ಇತ್ತು, ಆರು ವಾರದ ಔಷಧಿ ಇತ್ತು. ಅವನ ಎಪ್ಪತ್ತು ಸಾವಿರದ ಹಸುವಿಗೆ ನಾನು ಕೊಟ್ಟದ್ದು ಬುದ್ಧಿಮಾತು. ನಷ್ಟ ಪೂರ್ತಿ ಅವನ ತಲೆಗೇ ಕಟ್ಟಿ, ಊರಿನ ಆರೋಗ್ಯ ಮಾತ್ರ ನೀನು ಕಾಯಪ್ಪ ಅಂದರೆ ಯಾರು ಕಾಯುತ್ತಾರೆ? ಹೆಂಡತಿಯ ರಕ್ತ ಪರೀಕ್ಷೆಗೆ ಮಾತ್ರ ಒಪ್ಪಿದ. ನಾನೇ ಚೀಟಿ ಬರೆಸಿ, ಜೊತೆಗೆ ಹೋಗಿ ಬಂದೆ. ಆಕೆಗೂ ಪಾಸಿಟಿವ್ ಬಂತು. ಎಷ್ಟು ವರ್ಷದಿಂದ ಆ ಮೈ ಕೈ ನೋವು ಇತ್ತೋ. ಆರು ವಾರ ಮಾತ್ರೆ ತಪ್ಪದೆ ನುಂಗಿದಳು. ಮುಗಿದ ಮೇಲೆ, ಈಗ ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುವುದಿಲ್ಲ ಅಂತ ಹೇಳಿಕಳಿಸಿದ್ದಳು.

ನಮ್ಮ ಕೈಯಲ್ಲಿ ನಿಜವಾಗಿ ಇರುವುದು ಕರುಗಳ ಲಸಿಕೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರವನ್ನೂ ಕಂದು ರೋಗವನ್ನೂ ಸೇರಿಸಿ ದೇಶಕ್ಕೆಲ್ಲ ಒಂದು ಕಾರ್ಯಕ್ರಮ ಶುರು ಮಾಡಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕಬೇಕು. ಗಂಡು ಕರುಗಳಿಗೆ ಹಾಕುವಂತಿಲ್ಲ, ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯೇ ಗಬ್ಬ ಬೀಳಿಸಬಹುದು. ಹೇಳುವುದಕ್ಕೆ ಸುಲಭ. ಕರುವಿಗೆ ಈಗ ಏಳು ತಿಂಗಳಾ ಒಂಬತ್ತಾ ಅಂತ ಕೇಳಿದರೆ ಮನೆಯವರು ಹಬ್ಬದ ಲೆಕ್ಕದಲ್ಲಿ ಹೇಳುತ್ತಾರೆ. "ಯುಗಾದಿಗೆ ಇನ್ನೂ ಎಳೇ ಕರು ಮೇಡಂ, ಶಿವರಾತ್ರಿಗೆ ಹುಟ್ಟಿದ್ದೇನೋ." ಆ ಹಬ್ಬ ಯಾವ ತಾರೀಖು ಬಂದಿತ್ತು ಅಂತ ಕ್ಯಾಲೆಂಡರ್ ತಿರುಗಿಸಿ ನಾನು ಲೆಕ್ಕ ಹಾಕುತ್ತೇನೆ. ಚುಚ್ಚಿಸಿದರೆ ಕರು ಬೆಳೆಯುವುದಿಲ್ಲ ಅಂತ ಹಿತ್ತಲಲ್ಲಿ ಬಚ್ಚಿಡುವವರೂ ಇದ್ದಾರೆ. ನನ್ನ ಕಾಯಿಲೆಯಿಂದ ಒಂದು ಉಪಯೋಗ ಆಗಿದೆ. ಬಚ್ಚಿಡುವುದು ಸ್ವಲ್ಪ ಕಮ್ಮಿಯಾಗಿದೆ. ಮೇಡಮ್ಮಿಗೇ ಬಂದಿತ್ತಂತೆ ಅಂತ ಹೆಂಗಸರೇ ಕರು ಹಿಡಿದುಕೊಂಡು ಬರುತ್ತಾರೆ.

ಲಸಿಕೆ ಹಾಕುವಾಗ ಈಗ ಕನ್ನಡಕ ಹಾಕಿಕೊಳ್ಳುತ್ತೇನೆ. ಕಸದ ಕೇಸಿಗೆ ಒಳಗೊಂದು ಸರ್ಜಿಕಲ್ ಗ್ಲೌಸ್, ಮೇಲೆ ಉದ್ದದ್ದು, ತೋಳಿಗೆ ರಬ್ಬರ್ ಬ್ಯಾಂಡ್, ಮುಖಕ್ಕೆ ಕೊರೋನಾ ಕಾಲದ ಶೀಲ್ಡ್. ಸರಬರಾಜು ಬಂದಾಗ ಬರುತ್ತದೆ, ಬರದಿದ್ದಾಗ ನನ್ನ ದುಡ್ಡು. ಕೊಟ್ಟಿಗೆಯ ಸೆಕೆಯಲ್ಲಿ ಶೀಲ್ಡ್ ಮಂಜು ಹಿಡಿದು ಏನೂ ಕಾಣುವುದಿಲ್ಲ. ಆ ಕೆಲಸಕ್ಕೆ ಕಣ್ಣಿಗಿಂತ ಬೆರಳು ಮುಖ್ಯ, ಹಾಗಾಗಿ ನಡೆಯುತ್ತದೆ. ಕಂದು ಹಾಕಿದ ಹಸು ಅಂತ ಫೋನಿನಲ್ಲೇ ಗೊತ್ತಾದರೆ ಕೈ ಹಾಕುವುದಿಲ್ಲ, ಇಂಜೆಕ್ಷನ್ ಮತ್ತು ಬೊಲಸ್ ಮಾತ್ರ ಅಂತ ಮೊದಲೇ ಹೇಳಿಬಿಡುತ್ತೇನೆ. ಮೇಡಂಗೆ ಅಸಹ್ಯ ಬಂದಿದೆ ಅಂತ ಒಬ್ಬ ಊರೆಲ್ಲ ಹೇಳಿಕೊಂಡು ಬಂದ. ಹೇಳಲಿ.

ಸೊಂಟ ಈಗಲೂ ಚಳಿಗಾಲದಲ್ಲಿ ಹಿಡಿಯುತ್ತದೆ. ರಕ್ತದಲ್ಲಿ ಟೈಟರ್, ಅಂದರೆ ಆ ಅಗ್ಲುಟಿನೇಷನ್ ಪರೀಕ್ಷೆಯ ಅಳತೆ, ಇಳಿದಿದೆ, ಪೂರ್ತಿ ಹೋಗಿಲ್ಲ. ಅದು ಬಹಳ ಕಾಲ ಹಾಗೇ ಇರುತ್ತದಂತೆ, ಜ್ವರ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದಾರೆ. ಸಂಜೆ ಸುಮ್ನೆ ಮೈ ಬೆಚ್ಚಗಾದರೂ ನನ್ನವರು ಥರ್ಮಾಮೀಟರ್ ತರುತ್ತಾರೆ.

ಲ್ಯಾಬ್ರಡಾರ್ ನಾಯಿಯ ಡಾಕ್ಟರಿಗೆ ನನ್ನ ವರದಿಗಳನ್ನು ಕಳಿಸಿದ್ದೆ. ಓದಿದರೋ ಇಲ್ಲವೋ ಅಂದುಕೊಂಡಿದ್ದೆ. ಓದಿದ್ದಾರೆ. ಈಗ ಆಗಾಗ ಫೋನ್ ಮಾಡುತ್ತಾರೆ. ಬಿಡದ ಜ್ವರದ ರೋಗಿ ಬಂದರೆ ಮನೆಯಲ್ಲಿ ದನ ಇದೆಯಾ, ಕುರಿ ಇದೆಯಾ ಅಂತ ಕೇಳುತ್ತಾರಂತೆ. ಮೊನ್ನೆ ಒಬ್ಬ ಕುರಿಗಾಹಿ ಹುಡುಗನಿಗೆ ಪಾಸಿಟಿವ್ ಬಂದಿದೆ, ಅವನ ಮಂದೆ ನೋಡಬೇಕಲ್ವಾ ಮೇಡಂ ಅಂದರು. ಯಾವ ಊರು ಅಂತ ಕೇಳಿದೆ. ಹೇಳಿದರು. ಅದು ನನ್ನ ಹೋಬಳಿಯೂ ಅಲ್ಲ, ನನ್ನ ಪ್ರಭಾರವೂ ಅಲ್ಲ. ಅಲ್ಲಿಯ ಡಾಕ್ಟರ ನಂಬರ್ ಕೊಡೋಣ ಅಂತ ಪಟ್ಟಿ ತೆಗೆದು ನೋಡಿದೆ. ಹುದ್ದೆ ಖಾಲಿ ಇದೆ.